ಓಡಿದವನ ಹೆಸರು: ಸೋನ್ ಕೀ-ಚುಂಗ್ ಎಂಬ ಓಟಗಾರನ ಬದುಕು

ಶಾಲಾ ಕ್ರೀಡಾಕೂಟದ ದಿನಗಳು ಹತ್ತಿರವಾದಾಗ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ದುಡಿಯುವ ನಮಗೆ ಒಂದು ಕೆಲಸ ತಪ್ಪಿದ್ದಲ್ಲ. ಸ್ಪರ್ಧಾಳುಗಳ ಹೆಸರುಗಳನ್ನು ಕನ್ನಡದ ಹಾಜರಿ ಪುಸ್ತಕದಿಂದ ತೆಗೆದು ಇನ್ನೊಂದು ಭಾಷೆಯ ನಮೂನೆಯಲ್ಲಿ ತುಂಬಬೇಕು. ಅಲ್ಲಿಂದ ಮರಳಿ ಬರುವ ಪ್ರಶಸ್ತಿಪತ್ರದಲ್ಲಿ ನಾರಾಯಣ ನಾರಾಯಣನ್ ಆಗಿರುತ್ತಾನೆ, ಚಂದ್ರ ಚಂದ್ರನ್ ಆಗಿರುತ್ತಾನೆ. ಬಯಲಿನಲ್ಲಿ ಬರಿಗಾಲಿನಲ್ಲಿ ಓಡಿದವನು ಅವನೇ, ಏದುಸಿರು ಬಿಟ್ಟವನೂ ಅವನೇ. ಕಾಗದದ ಮೇಲೆ ಮಾತ್ರ ಬೇರೊಬ್ಬ ಗೆದ್ದಂತೆ ಕಾಣುತ್ತದೆ. ಇದನ್ನು ದೊಡ್ಡ ಅನ್ಯಾಯವೆಂದು ನಾವಿಲ್ಲಿ ದೂರುತ್ತಿಲ್ಲ. ಹೆಚ್ಚಿನ ಸಲ ಇದರ ಹಿಂದೆ ಯಾವ ಕೆಡುಕಿನ ಎಣಿಕೆಯೂ ಇರುವುದಿಲ್ಲ. ಆದರೆ ಆ ಪತ್ರವನ್ನು ಹಿಡಿದು ಹುಡುಗನೊಬ್ಬ ಇದು ತನ್ನದೇ ಹೌದೇ ಎಂಬಂತೆ ನಮ್ಮ ಮುಖ ನೋಡಿದಾಗಲೆಲ್ಲ ನಮಗೆ ಕೊರಿಯಾದ ಓಟಗಾರ ಸೋನ್ ಕೀ-ಚುಂಗ್ ಅವರ ನೆನಪಾಗುತ್ತದೆ.

ಓಟಕ್ಕೆ ತನ್ನನ್ನು ಮುಡಿಪಾಗಿಟ್ಟವನೆಂದರೆ ಯಾರು? ಪದಕ ಗೆದ್ದವನೇ, ದಾಖಲೆ ಮುರಿದವನೇ, ಅಥವಾ ಗೆದ್ದದ್ದು ತನ್ನ ಹೆಸರಿಗೆ ಜಮೆಯಾಗದೆ ಹೋದಾಗಲೂ ಓಟದ ಕೈಬಿಡದವನೇ? ಈ ಪ್ರಶ್ನೆಗೆ ಸೋನ್ ಅವರ ತೊಂಬತ್ತು ವರ್ಷಗಳ ಬದುಕು ಕೊಡುವ ಉತ್ತರವನ್ನು ನಮ್ಮ ಮಕ್ಕಳೂ, ಅವರನ್ನು ಓಡಿಸುವ ಅಧ್ಯಾಪಕರೂ ತಿಳಿದಿರಬೇಕೆಂಬ ಆಸೆಯಿಂದ ಈ ಕಥನವನ್ನು ಬರೆಯುತ್ತಿದ್ದೇವೆ.

ಗಡಿಯೂರಿನ ಹುಡುಗ

ಕೊರಿಯಾವನ್ನು ಜಪಾನ್ 1910ರಲ್ಲಿ ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಅದಾದ ಎರಡು ವರ್ಷಗಳ ಬಳಿಕ, 1912ರಲ್ಲಿ, ಸಿನುಯಿಜು ಎಂಬ ಪಟ್ಟಣದಲ್ಲಿ ಸೋನ್ ಕೀ-ಚುಂಗ್ ಜನಿಸಿದರು. ಅಂದರೆ ಅವರು ಕಣ್ಣುಬಿಟ್ಟಾಗ ಅವರ ದೇಶ ಭೂಪಟದಲ್ಲಿ ದೇಶವಾಗಿ ಉಳಿದಿರಲಿಲ್ಲ. ಸಿನುಯಿಜು ಕೊರಿಯಾದ ವಾಯವ್ಯ ಅಂಚಿನ ಊರು. ಊರ ಮಗ್ಗುಲಲ್ಲಿ ಯಾಲು ನದಿ ಹರಿಯುತ್ತದೆ. ಕೊರಿಯನ್ನರು ಅದನ್ನು ಅಮ್ನೋಕ್ ಎನ್ನುತ್ತಾರೆ. ನದಿಯ ಆಚೆ ದಡ ಚೀನಾ. ಒಂದೇ ನದಿಗೆ ಎರಡು ದಡಗಳಲ್ಲಿ ಎರಡು ಹೆಸರು. ಇಂತಹ ಊರುಗಳು ಹೇಗಿರುತ್ತವೆಂದು ಗಡಿನಾಡಿನ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಬಡತನವಿತ್ತು. ಶಾಲೆ ಮನೆಯಿಂದ ಸುಮಾರು ಎರಡು ಕಿಲೋಮೀಟರ್ ದೂರ. ಹುಡುಗ ಆ ದಾರಿಯನ್ನು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಓಟ ಹೊಟ್ಟೆ ತುಂಬಿಸುವುದಿಲ್ಲ, ಮಗ ಓದಿ ಮುಂದೆ ಬರಲಿ ಎಂಬುದು ತಾಯಿಯ ಆಸೆ. ಆಟದ ಹುಚ್ಚು ಬಿಡಿಸಲೆಂದು ತಾಯಿ ಮಗನಿಗೆ ಹೆಂಗಸರು ಮೆಟ್ಟುವ, ಓಡಿದರೆ ಕಾಲಿನಿಂದ ಕಳಚಿಕೊಳ್ಳುವ ರಬ್ಬರಿನ ಚಪ್ಪಲಿ ಕೊಡಿಸಿದಳಂತೆ. ಹುಡುಗ ಹುಲ್ಲಿನ ಹಗ್ಗದಿಂದ ಅವನ್ನು ಪಾದಕ್ಕೆ ಬಿಗಿದುಕೊಂಡು ಓಡತೊಡಗಿದ. ಹಗ್ಗ ಉಜ್ಜಿ ಪಾದ ಹುಣ್ಣಾದರೂ ಓಟ ನಿಲ್ಲಲಿಲ್ಲ. ಕೊನೆಗೆ ತಾಯಿಯೇ ಸೋತು, ಓಡುವುದಾದರೆ ಸರಿಯಾಗಿ ಓಡು ಎಂಬ ಮನಸ್ಸಿನಿಂದ ಓಡಲು ತಕ್ಕ ಪಾದರಕ್ಷೆ ತಂದುಕೊಟ್ಟಳೆಂದು ಅವರ ಬಾಲ್ಯದ ಕತೆ ಹೇಳುವವರು ನೆನೆಯುತ್ತಾರೆ.

ಈ ಸಣ್ಣ ಕತೆಯನ್ನು ನಾವು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಗುತ್ತಾರೆ. ನಗು ಮುಗಿದ ಮೇಲೆ ಯಾರಾದರೊಬ್ಬರು ತಮ್ಮ ಕಾಲಿನ ಕಡೆಗೆ ನೋಡಿಕೊಳ್ಳುತ್ತಾರೆ. ಓಟಕ್ಕೆ ಬಯಲು ಬೇಡ, ಉಪಕರಣ ಬೇಡ, ಜೊತೆಗಾರ ಬೇಡ. ಏನೂ ಇಲ್ಲದವನಿಗೂ ಸಿಗುವ ಆಟವೆಂದರೆ ಅದೊಂದೇ. ಹಾಗಾಗಿಯೇ ಜಗತ್ತಿನ ಬಡ ಊರುಗಳಿಂದ ಓಟಗಾರರು ಎದ್ದುಬಂದಷ್ಟು ಬೇರೆ ಆಟಗಾರರು ಎದ್ದುಬಂದಿಲ್ಲ.

ಸಾಧನೆಯ ವರ್ಷಗಳು

ಪ್ರಾಥಮಿಕ ಶಾಲೆ ಮುಗಿದ ಮೇಲೆ ಓದು ಮುಂದುವರಿಸುವ ಅನುಕೂಲವಿರಲಿಲ್ಲ. ಕೆಲವು ವರ್ಷ ದುಡಿಮೆಯಲ್ಲೇ ಕಳೆದವು. ಆದರೆ ಅವರ ಕಾಲುಗಳ ಸುದ್ದಿ ಊರಿನಾಚೆಗೂ ಹೋಗಿತ್ತು. 1932ರಲ್ಲಿ, ಇಪ್ಪತ್ತರ ಹೊಸ್ತಿಲಿನಲ್ಲಿ, ಅವರಿಗೆ ರಾಜಧಾನಿ ಸಿಯೋಲಿನ ಯಾಂಗ್ಜಂಗ್ ಪ್ರೌಢಶಾಲೆಯಲ್ಲಿ ಸ್ಥಾನ ದೊರೆಯಿತು. ದೂರದ ಓಟಕ್ಕೆ ಹೆಸರಾದ ಶಾಲೆಯದು. ಮುಂದೆ ಬರ್ಲಿನ್ನಿನಲ್ಲಿ ಅವರ ಜೊತೆಗೇ ಓಡಿ ಕಂಚು ಗೆದ್ದ ನಾಮ್ ಸುಂಗ್-ಯೊಂಗ್ ಕೂಡ ಇದೇ ಶಾಲೆಯ ವಿದ್ಯಾರ್ಥಿ. ಒಂದು ಶಾಲೆ, ಓಟವನ್ನು ಬಲ್ಲ ಕೆಲವು ಅಧ್ಯಾಪಕರು ಮತ್ತು ಒಂದು ಅಂಗಳ ಇಷ್ಟೇ ಇದ್ದರೂ ಎಂತಹವರು ರೂಪುಗೊಳ್ಳಬಹುದೆಂಬುದಕ್ಕೆ ಯಾಂಗ್ಜಂಗ್ ಒಂದು ಉದಾಹರಣೆ.

ಮೊದಮೊದಲು 1,500 ಮೀಟರ್, 5,000 ಮೀಟರ್ ಓಟಗಳಲ್ಲಿ ಪಾಲ್ಗೊಳ್ಳುತ್ತಿದ್ದ ಸೋನ್ ಬಳಿಕ ಮ್ಯಾರಥಾನಿಗೆ ಹೊರಳಿದರು. ಚಡ್ಡಿಯ ಜೇಬುಗಳಲ್ಲಿ ಕಲ್ಲು ಮರಳು ತುಂಬಿಕೊಂಡು ಏರುದಾರಿಗಳಲ್ಲಿ ಓಡುತ್ತಿದ್ದರೆಂದು ಅವರ ಅಭ್ಯಾಸವನ್ನು ಕುರಿತು ಹೇಳುತ್ತಾರೆ. 1933ರಿಂದ 1936ರ ನಡುವೆ ಅವರು ಓಡಿದ ಹನ್ನೆರಡು ಮ್ಯಾರಥಾನುಗಳಲ್ಲಿ ಒಂಬತ್ತನ್ನು ಗೆದ್ದರು. ಉಳಿದವುಗಳಲ್ಲಿಯೂ ಮೊದಲ ಮೂವರಿಂದ ಕೆಳಗೆ ಇಳಿಯಲಿಲ್ಲ. 1935ರ ನವೆಂಬರ್ 3ರಂದು ಟೋಕಿಯೋದಲ್ಲಿ 2 ಗಂಟೆ 26 ನಿಮಿಷ 42 ಸೆಕೆಂಡುಗಳಲ್ಲಿ ಓಟ ಮುಗಿಸಿ ವಿಶ್ವದಾಖಲೆ ಬರೆದರು.

ಈ ಅಂಕಿಯ ಭಾರ ಮಕ್ಕಳಿಗೆ ತಿಳಿಯಲೆಂದು ನಾವು ಅದನ್ನು ಕರಿಹಲಗೆಯ ಮೇಲೆ ಭಾಗಿಸಿ ತೋರಿಸುವುದುಂಟು. ಮ್ಯಾರಥಾನಿನ ದೂರ 42.195 ಕಿಲೋಮೀಟರ್. ಒಂದೊಂದು ಕಿಲೋಮೀಟರಿಗೆ ಮೂರೂವರೆ ನಿಮಿಷವೂ ಪೂರ್ತಿ ಸಿಗುವುದಿಲ್ಲ. ಚುರುಕಾದ ಹುಡುಗನೊಬ್ಬ ಈ ವೇಗದಲ್ಲಿ ಒಂದು ಕಿಲೋಮೀಟರ್ ಓಡಿಯಾನು, ಬಳಿಕ ಹುಲ್ಲಿನ ಮೇಲೆ ಉರುಳಿಕೊಂಡಾನು. ಅದೇ ವೇಗದಲ್ಲಿ ನಿಲ್ಲದೆ ನಲವತ್ತೆರಡು ಕಿಲೋಮೀಟರ್ ಓಡುವುದು ಒಂದು ದಿನದ ಹುರುಪಿನಿಂದ ಆಗುವ ಕೆಲಸವಲ್ಲ. ಚಳಿಯಲ್ಲಿ, ಹಸಿವೆಯಲ್ಲಿ, ಯಾರೂ ನೋಡದ ಬೆಳಗುಗಳಲ್ಲಿ ಎದ್ದು ಓಡಿದ ಸಾವಿರಾರು ಕಿಲೋಮೀಟರುಗಳ ಗಂಟು ಅದು. ಮುಡಿಪು ಎಂಬ ಮಾತಿಗೆ ಮೊದಲ ಅರ್ಥ ಇದೇ: ಚಪ್ಪಾಳೆ ಇಲ್ಲದ ಕಡೆಯಲ್ಲಿ ಮಾಡುವ ದುಡಿಮೆ.

ಮೂರು ಅಕ್ಷರ, ಎರಡು ಉಚ್ಚಾರ

1936ರ ಒಲಿಂಪಿಕ್ಸ್ ಬರ್ಲಿನ್ನಿನಲ್ಲಿ ನಡೆಯುವುದಿತ್ತು. ಕೊರಿಯಾಕ್ಕೆ ತನ್ನದೇ ಆದ ತಂಡವಿರಲಿಲ್ಲ. ಕೊರಿಯನ್ನನೊಬ್ಬ ಒಲಿಂಪಿಕ್ಸ್‌ನಲ್ಲಿ ಓಡಬೇಕಾದರೆ ಜಪಾನಿನ ತಂಡದಲ್ಲಿ, ಜಪಾನಿನ ಬಾವುಟದ ಕೆಳಗೆ ಓಡಬೇಕು. ಅದೂ ಸಾಲದೆಂಬಂತೆ ಹೆಸರೂ ಜಪಾನೀಯವಾಗಬೇಕು.

ಇಲ್ಲಿ ಒಂದು ಭಾಷಾ ಸಂಗತಿಯನ್ನು ವಿವರಿಸಬೇಕು. ಆ ಕಾಲದಲ್ಲಿ ಕೊರಿಯನ್ನರೂ ಜಪಾನೀಯರೂ ವ್ಯಕ್ತಿನಾಮಗಳನ್ನು ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಚೀನೀ ಅಕ್ಷರವು ಅರ್ಥವನ್ನು ಹಿಡಿಯುತ್ತದೆಯೇ ಹೊರತು ಒಂದೇ ಉಚ್ಚಾರಕ್ಕೆ ಕಟ್ಟುಬೀಳುವುದಿಲ್ಲ. ಸೋನ್ ಕೀ-ಚುಂಗ್ ಎಂದು ಕೊರಿಯನ್ನರು ಓದುವ ಆ ಮೂರು ಅಕ್ಷರಗಳನ್ನು ಜಪಾನೀಯರು ಸೋನ್ ಕಿತೇಯಿ ಎಂದು ಓದಿದರು. ಬರಹ ಬದಲಾಗಲಿಲ್ಲ, ಮನುಷ್ಯ ಬದಲಾಗಿಬಿಟ್ಟ. ಒಲಿಂಪಿಕ್ಸ್‌ನ ಕಡತಗಳಲ್ಲಿ ಅವರು ಜಪಾನಿನ ಕಿತೇಯಿ ಸೋನ್ ಎಂದೇ ದಾಖಲಾದರು.

ಕೊರಿಯಾಕ್ಕೆ ತನ್ನದೇ ಲಿಪಿಯೊಂದಿತ್ತು. ಹದಿನೈದನೆಯ ಶತಮಾನದಲ್ಲಿ ಸೆಜೋಂಗ್ ಎಂಬ ದೊರೆ ಜನಸಾಮಾನ್ಯರಿಗೆಂದು ರೂಪಿಸಿದ ಲಿಪಿ ಅದು. ಇಂದು ಅದನ್ನು ಹಂಗುಲ್ ಎನ್ನುತ್ತಾರೆ. ನಮ್ಮ ಕನ್ನಡದಂತೆ ಅದು ಉಚ್ಚಾರವನ್ನು ಹಿಡಿದಿಡುತ್ತದೆ. ಹಂಗುಲಿನಲ್ಲಿ ಬರೆದ ಹೆಸರನ್ನು ಕೊರಿಯನ್ ಆಗಿ ಮಾತ್ರ ಓದಲು ಸಾಧ್ಯ. ಬರ್ಲಿನ್ನಿನಲ್ಲಿ ಹಸ್ತಾಕ್ಷರ ಕೇಳಿದವರಿಗೆ ಸೋನ್ ತಮ್ಮ ಹೆಸರನ್ನು ಹಂಗುಲಿನಲ್ಲೇ ಬರೆದುಕೊಟ್ಟರು. ಕೆಲವೆಡೆ ಅದರ ಪಕ್ಕದಲ್ಲಿ ಕೊರಿಯಾದ ಪುಟ್ಟ ನಕ್ಷೆಯನ್ನೂ ಬಿಡಿಸಿದರು. ಊರು ಯಾವುದೆಂದು ವಿದೇಶೀ ಪತ್ರಕರ್ತರು ಕೇಳಿದಾಗ ಕೊರಿಯಾ ಎಂದರು. ಜೊತೆಗಿದ್ದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ; ಕೇಳಿದ ಜಗತ್ತಿಗೂ ಅದು ಅಷ್ಟಾಗಿ ಕಿವಿಗೆ ಬೀಳಲಿಲ್ಲ.

ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರನ್ನು ಇಲ್ಲಿ ನೆನೆಯಬಹುದು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದವರು ಅವರು. ಅಂದು ಭಾರತವೂ ಪರರ ಆಳ್ವಿಕೆಯಲ್ಲಿತ್ತು. ಆದರೂ ಚೌಗುಲೆ ಭಾರತದವರೆಂದೇ, ಚೌಗುಲೆಯೆಂದೇ ದಾಖಲೆಯಲ್ಲಿ ಉಳಿದರು. ಸೋನ್ ಅವರಿಗೆ ಅಷ್ಟೂ ದಕ್ಕಲಿಲ್ಲ.

ಬರ್ಲಿನ್, 1936 ಆಗಸ್ಟ್ 9

ಕೊರಿಯಾದಿಂದ ಬರ್ಲಿನ್ನಿಗೆ ಸೈಬೀರಿಯಾದ ಮೂಲಕ ರೈಲಿನ ದಾರಿ. ದಿನಗಟ್ಟಲೆ ಬೋಗಿಯಲ್ಲಿ ಕುಳಿತು ಹೋಗಬೇಕು. ಓಟಗಾರನ ಕಾಲಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಆಗಸ್ಟ್ 9ರ ಮಧ್ಯಾಹ್ನ 3 ಗಂಟೆಗೆ ಬಿಸಿಲಿನಲ್ಲಿ ಓಟ ಆರಂಭವಾಯಿತು. 56 ಮಂದಿ ಸ್ಪರ್ಧಾಳುಗಳು. ಸೋನ್ ಅವರ ಎದೆಯ ಮೇಲಿನ ಸಂಖ್ಯೆ 382. ಹಿಂದಿನ ಒಲಿಂಪಿಕ್ಸ್‌ನ ವಿಜೇತ, ಅರ್ಜೆಂಟೀನಾದ ಹುವಾನ್ ಕಾರ್ಲೋಸ್ ಜಬಾಲಾ ಮೊದಲಿನಿಂದಲೇ ಬಿರುಸಾಗಿ ಮುನ್ನುಗ್ಗಿದರು. ಅವರನ್ನು ಬೆನ್ನಟ್ಟಬೇಕೆಂಬ ಆಸೆ ಯಾರಿಗಾದರೂ ಆಗುವಂತಹುದೇ. ಸೋನ್ ಅವರ ಪಕ್ಕದಲ್ಲಿ ಬ್ರಿಟನ್ನಿನ ಅರ್ನಿ ಹಾರ್ಪರ್ ಓಡುತ್ತಿದ್ದರು, ವಯಸ್ಸಿನಲ್ಲಿ ಹಿರಿಯರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಈಗಲೇ ಆತುರ ಬೇಡ, ಮುಂದಿನವನು ತಾನಾಗಿಯೇ ದಣಿಯುತ್ತಾನೆ ಎಂಬ ಸೂಚನೆಯನ್ನು ಹಾರ್ಪರ್ ಕಿರಿಯನಿಗೆ ದಾಟಿಸಿದರು. ತನ್ನ ಎದುರಾಳಿಗೆ ಹೀಗೆ ಬುದ್ಧಿ ಹೇಳುವ ಉದಾರತೆ ಅಂದಿನ ಬರ್ಲಿನ್ನಿನಲ್ಲಿ, ಸ್ವಸ್ತಿಕದ ಬಾವುಟಗಳ ನೆರಳಿನಲ್ಲಿ, ನಡೆಯಿತೆಂಬುದನ್ನು ಮರೆಯುವಂತಿಲ್ಲ.

ಹಾರ್ಪರ್ ಎಣಿಸಿದಂತೆಯೇ ಆಯಿತು. ಮೂರರಲ್ಲಿ ಎರಡು ಪಾಲು ದೂರ ಕಳೆಯುವ ಹೊತ್ತಿಗೆ ಜಬಾಲಾ ಸೋತರು. ಸೋನ್ ಮತ್ತು ಹಾರ್ಪರ್ ಅವರನ್ನು ದಾಟಿದರು. ಜಬಾಲಾ ಓಟವನ್ನು ಮುಗಿಸಲಾಗದೆ ನಡುವೆಯೇ ನಿಂತರು. ಬಳಿಕ ಹಾರ್ಪರ್ ಅವರ ಪಾದದಲ್ಲಿ ಬೊಬ್ಬೆಯೆದ್ದು ಶೂ ರಕ್ತವಾಯಿತು. ಸೋನ್ ಒಬ್ಬರೇ ಮುಂದಾದರು. ಕೊನೆಯ ಏರನ್ನು ಹತ್ತಿ, ಸುಮಾರು ಒಂದು ಲಕ್ಷ ಜನ ತುಂಬಿದ ಕ್ರೀಡಾಂಗಣವನ್ನು ಪ್ರವೇಶಿಸಿ, 2 ಗಂಟೆ 29 ನಿಮಿಷ 19.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡೂವರೆ ಗಂಟೆಯ ಒಳಗೆ ಮುಗಿಸಿದ ಮೊದಲಿಗ ಅವರೇ. ಎರಡು ನಿಮಿಷಗಳ ಅಂತರದಲ್ಲಿ ಹಾರ್ಪರ್ ಬಂದರು. ಹಿಂದಿನಿಂದ ಒಬ್ಬೊಬ್ಬರನ್ನೇ ದಾಟುತ್ತ ಬಂದ ನಾಮ್ ಸುಂಗ್-ಯೊಂಗ್ ಮೂರನೆಯವರಾದರು.

ಇಬ್ಬರು ಕೊರಿಯನ್ನರು ವಿಜಯವೇದಿಕೆಯ ಮೇಲೆ ನಿಂತರು. ಜಪಾನಿನ ಬಾವುಟ ಮೇಲೇರಿತು, ಜಪಾನಿನ ರಾಷ್ಟ್ರಗೀತೆ ನುಡಿಯಿತು. ಇಬ್ಬರೂ ತಲೆ ತಗ್ಗಿಸಿದರು. ಗೆದ್ದವರಿಗೆ ಕೊಡುವ ಓಕ್ ಸಸಿಯ ಕುಂಡ ಸೋನ್ ಅವರ ಕೈಯಲ್ಲಿತ್ತು. ಅದನ್ನು ಎದೆಗೆ ಒತ್ತಿಹಿಡಿದು ಅವರು ಅಂಗಿಯ ಮೇಲಿನ ಕೆಂಪು ಸೂರ್ಯನನ್ನು ಮರೆಮಾಡಿದರು. ನಾಮ್ ಅವರ ಕೈಯಲ್ಲಿ ಸಸಿ ಇರಲಿಲ್ಲ. ಸೋನ್ ಗೆದ್ದ ಚಿನ್ನಕ್ಕಿಂತ ಆ ಮುದ್ರೆಯನ್ನು ಮುಚ್ಚಿಕೊಳ್ಳಲು ಅವರಿಗೆ ದೊರೆತ ಸಸಿಯನ್ನು ಕಂಡೇ ತನಗೆ ಹೊಟ್ಟೆಕಿಚ್ಚಾಯಿತೆಂದು ನಾಮ್ ಮುಂದೊಂದು ದಿನ ಹೇಳಿಕೊಂಡರು. ಆ ಚಿತ್ರವನ್ನು ನೋಡಿದವರಿಗೆ ಇಬ್ಬರು ವಿಜೇತರು ಕಾಣುವುದಿಲ್ಲ, ಮನೆಯಲ್ಲಿ ಸಾವಾದವರಂತೆ ನಿಂತ ಇಬ್ಬರು ಯುವಕರು ಕಾಣುತ್ತಾರೆ.

ಚಿತ್ರವೊಂದು ಅಳಿಸಿದ ಕಲೆ

ಕೊರಿಯಾದಲ್ಲಿ ಸುದ್ದಿ ತಿಳಿದ ಜನ ಬೀದಿಗೆ ಬಂದು ಸಂಭ್ರಮಿಸಿದರು. ಗೆದ್ದವನು ತಮ್ಮವನೆಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೊರಿಯನ್ ಭಾಷೆಯ ಪತ್ರಿಕೆಗಳು ಆ ವಿಜಯಚಿತ್ರವನ್ನು ಅಚ್ಚುಹಾಕುವಾಗ ಸೋನ್ ಅವರ ಎದೆಯ ಮೇಲಿದ್ದ ಜಪಾನಿನ ಮುದ್ರೆಯನ್ನು ಅಳಿಸಿದವು. ಆಗಸ್ಟ್ 25ರಂದು ಡೊಂಗ್-ಎ ಇಲ್ಬೊ ಪತ್ರಿಕೆಯಲ್ಲಿ ಬಂದ ಚಿತ್ರ ಎಲ್ಲಕ್ಕಿಂತ ಹೆಚ್ಚು ಸುದ್ದಿಮಾಡಿತು. ಪೊಲೀಸರು ಪತ್ರಿಕಾಲಯಕ್ಕೆ ನುಗ್ಗಿದರು. ವರದಿಗಾರರು, ಚಿತ್ರಕಾರರು, ಸಂಪಾದಕ ವರ್ಗದವರು ಸೆರೆಯಾಗಿ ಚಿತ್ರಹಿಂಸೆ ಅನುಭವಿಸಿದರು. ಕೊರಿಯನ್ ಸಣ್ಣಕತೆಯ ದೊಡ್ಡ ಹೆಸರಾದ ಹ್ಯುನ್ ಜಿನ್-ಗನ್ ಅವರೂ ಆ ಪತ್ರಿಕೆಯಲ್ಲಿದ್ದು ಸೆರೆಮನೆ ಸೇರಿದರು. ಪತ್ರಿಕೆಗೆ ಸುಮಾರು ಒಂಬತ್ತು ತಿಂಗಳು ಬೀಗ ಬಿತ್ತು. ಅದಕ್ಕೂ ಮೊದಲೇ ಇಂತಹುದೇ ಚಿತ್ರ ಪ್ರಕಟಿಸಿದ್ದ ಚೋಸನ್ ಚುಂಗಾಂಗ್ ಇಲ್ಬೊ ಎಂಬ ಇನ್ನೊಂದು ಪತ್ರಿಕೆ ನಿಂತದ್ದು ಮತ್ತೆ ಏಳಲಿಲ್ಲ.

ಅಂಗೈಯಗಲದ ಒಂದು ಚಿತ್ರದ ಮೇಲಿನ ಒಂದು ಕಲೆಗಾಗಿ ಇಷ್ಟೆಲ್ಲ ಆಯಿತು. ಸಣ್ಣ ಭಾಷೆಯ ಸಣ್ಣ ಪತ್ರಿಕೆಗಳನ್ನು ಕಟ್ಟಿಕೊಂಡು ಬದುಕುವ ನಾವು ಈ ಭಾಗವನ್ನು ನಿಧಾನವಾಗಿ ಓದಬೇಕು. ಓಟಗಾರ ತನ್ನ ಕಾಲಿನಿಂದ ಮಾಡಿದ್ದನ್ನು ಪತ್ರಕರ್ತರು ಕುಂಚದಿಂದ ಪೂರ್ತಿಗೊಳಿಸಿದರು, ಅದಕ್ಕೆ ಬೆಲೆಯನ್ನೂ ತೆತ್ತರು.

ಓಟ ನಿಂತ ವರ್ಷಗಳು

ಒಲಿಂಪಿಕ್ಸ್ ಗೆದ್ದು ಬಂದವರಿಗೆ ಮೆರವಣಿಗೆ ಕಾದಿರುತ್ತದೆ. ಸೋನ್ ಅವರಿಗಾಗಿ ಪೊಲೀಸರು ಕಾದಿದ್ದರು. ಅವರು ಹೋದಲ್ಲೆಲ್ಲ ಕಾವಲು. ಅವರ ಸುತ್ತ ಜನ ಸೇರಬಾರದು. ಬರ್ಲಿನ್ನಿನಿಂದ ತಂದ ಸಸಿಯನ್ನು ಯಾಂಗ್ಜಂಗ್ ಶಾಲೆಯ ಅಂಗಳದಲ್ಲಿ ನೆಟ್ಟರು. ಬಳಿಕ ಉನ್ನತ ವ್ಯಾಸಂಗಕ್ಕೆ ಜಪಾನಿನ ಮೇಯ್ಜಿ ವಿಶ್ವವಿದ್ಯಾಲಯ ಸೇರಿದರು. ಇನ್ನು ಓಡಕೂಡದೆಂಬ ಷರತ್ತಿನ ಮೇಲೆ ಅಲ್ಲಿ ಪ್ರವೇಶ ದೊರೆಯಿತು. 1940ರಲ್ಲಿ ಅಲ್ಲಿಂದ ಪದವಿ ಪಡೆದರು.

ವಿಶ್ವದಾಖಲೆ ಅವರದು, ಒಲಿಂಪಿಕ್ಸ್ ಚಿನ್ನ ಅವರದು, ವಯಸ್ಸು ಇಪ್ಪತ್ತನಾಲ್ಕು. ದೂರದ ಓಟಗಾರನಿಗೆ ಅದು ಏರುಹೊತ್ತು. ಅಲ್ಲಿಗೇ ಸ್ಪರ್ಧೆಯ ಬಾಗಿಲು ಮುಚ್ಚಿತು. ಕಾಲಿಗೆ ಪೆಟ್ಟಾಗಿ ಓಟ ಬಿಟ್ಟವರಿದ್ದಾರೆ, ಬಡತನದಿಂದ ಬಿಟ್ಟವರಿದ್ದಾರೆ. ಗೆದ್ದ ತಪ್ಪಿಗೆ ಓಟ ಕಳೆದುಕೊಂಡವರು ವಿರಳ.

ಅದೇ ವರ್ಷಗಳಲ್ಲಿ ಕೊರಿಯನ್ ಭಾಷೆಯ ಕುತ್ತಿಗೆಗೂ ಕೈ ಬಿತ್ತು. 1938ರ ಬಳಿಕ ಶಾಲೆಗಳಿಂದ ಕೊರಿಯನ್ ಪಾಠ ಹಿಂದೆ ಸರಿಯಿತು. 1940ರಲ್ಲಿ ಜನರೆಲ್ಲ ಜಪಾನೀ ಬಗೆಯ ಕುಲನಾಮ ತಾಳಬೇಕೆಂಬ ಒತ್ತಡ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಡೊಂಗ್-ಎ ಇಲ್ಬೊ ಸಹಿತ ಕೊರಿಯನ್ ದಿನಪತ್ರಿಕೆಗಳನ್ನು ಮುಚ್ಚಿಸಲಾಯಿತು. ಬರ್ಲಿನ್ನಿನಲ್ಲಿ ಒಬ್ಬ ಓಟಗಾರನ ಹೆಸರಿಗೆ ಆದದ್ದು ಈಗ ಇಡೀ ನಾಡಿನ ಮನೆಮನೆಗೂ ಬಂತು.

ತಾನು ಓಡದೆ ಓಡಿಸಿದ್ದು

1945ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡಿತು. ಸೋನ್ ಅವರಿಗೆ ಆಗ ಮೂವತ್ತಮೂರು. ತಮ್ಮ ಓಟದ ಕಾಲ ಮುಗಿದಿತ್ತೆಂದು ಅವರಿಗೆ ಗೊತ್ತಿತ್ತು. ಕಹಿಯನ್ನು ಮೆಲುಕುಹಾಕುತ್ತ ಕೂರಬಹುದಿತ್ತು. ಅವರು ಹುಡುಗರನ್ನು ಒಟ್ಟುಗೂಡಿಸಿ ಓಡಿಸತೊಡಗಿದರು. ಅವರ ಬದುಕಿನಲ್ಲಿ ನಾವು ಅತ್ಯಂತ ಹಿರಿದೆಂದು ಎಣಿಸುವುದು ಬರ್ಲಿನ್ನಿನ ಎರಡೂವರೆ ಗಂಟೆಯನ್ನಲ್ಲ, ಈ ವರ್ಷಗಳನ್ನು.

1947ರಲ್ಲಿ ಅವರು ತಮ್ಮ ಶಿಷ್ಯ ಸುಹ್ ಯುನ್-ಬೊಕ್ ಅವರನ್ನು ಅಮೆರಿಕದ ಬೋಸ್ಟನ್ ಮ್ಯಾರಥಾನಿಗೆ ಕರೆದೊಯ್ದರು. ಸುಹ್ 2 ಗಂಟೆ 25 ನಿಮಿಷ 39 ಸೆಕೆಂಡುಗಳಲ್ಲಿ ಓಡಿ ಗೆದ್ದರು. ಹನ್ನೊಂದು ವರ್ಷಗಳಿಂದ ಯಾರೂ ಮುಟ್ಟದೆ ಉಳಿದಿದ್ದ ಗುರುವಿನ ವಿಶ್ವದಾಖಲೆಯನ್ನು ಶಿಷ್ಯನೇ ಮುರಿದ. ಈ ಬಾರಿ ಗೆದ್ದವನು ಕೊರಿಯಾದವನೆಂದೇ ಜಗತ್ತು ಓದಿತು. ಅದೇ ಓಟದಲ್ಲಿ ಹಳೆಯ ಸಂಗಾತಿ ನಾಮ್ ಸುಂಗ್-ಯೊಂಗ್ ಮೂವತ್ತು ದಾಟಿದ ವಯಸ್ಸಿನಲ್ಲಿ ಓಡಿ ಹನ್ನೆರಡನೆಯವರಾದರು. ತನ್ನ ದೇಶದ ಹೆಸರಿನಲ್ಲಿ ಒಮ್ಮೆಯಾದರೂ ಓಡಬೇಕೆಂಬ ಅವರ ಹಂಬಲ ಆ ಸ್ಥಾನದ ಅಂಕಿಗಿಂತ ದೊಡ್ಡದು. ಮೂರು ವರ್ಷಗಳ ಬಳಿಕ, 1950ರಲ್ಲಿ, ಸೋನ್ ಅವರ ಬಳಗದ ಹಾಮ್ ಕೀ-ಯೊಂಗ್, ಸೊಂಗ್ ಕಿಲ್-ಯುನ್ ಮತ್ತು ಚೋಯ್ ಯುನ್-ಚಿಲ್ ಬೋಸ್ಟನ್ನಿನ ಮೊದಲ ಮೂರೂ ಸ್ಥಾನಗಳನ್ನು ಗೆದ್ದರು.

ಅಷ್ಟರಲ್ಲಿ ಕೊರಿಯಾ ಎರಡಾಗಿತ್ತು. ಯುದ್ಧ ಬಂತು, ಹೋಯಿತು; ಗಡಿ ಮಾತ್ರ ಉಳಿಯಿತು. ಸೋನ್ ದಕ್ಷಿಣದಲ್ಲಿ ಬಾಳಿದರು. ಅವರು ಹುಲ್ಲಿನ ಹಗ್ಗ ಕಟ್ಟಿಕೊಂಡು ಓಡಿದ ಸಿನುಯಿಜು ಉತ್ತರ ಕೊರಿಯಾದ ಪಾಲಾಯಿತು. ಹೆಸರು ಮರಳಿ ಬಂದಾಗ ಊರು ಕೈತಪ್ಪಿತು. ಗಡಿಗಳು ಮನುಷ್ಯರ ಕೈಯಲ್ಲಿ ಏನನ್ನು ಕೊಟ್ಟು ಏನನ್ನು ಕಸಿಯುತ್ತವೆಂಬುದಕ್ಕೆ ಲೆಕ್ಕವಿಲ್ಲ.

ತಡವಾಗಿ ಬಂದವು

ಬರ್ಲಿನ್ ವಿಜೇತನಿಗೆಂದು ಗ್ರೀಸಿನ ಪತ್ರಿಕೆಯೊಂದು ಒಲಿಂಪಿಯಾದಲ್ಲಿ ಅಗೆದು ತೆಗೆದ ಪ್ರಾಚೀನ ಕಂಚಿನ ಶಿರಸ್ತ್ರಾಣವನ್ನು ಕಾಣಿಕೆಯಾಗಿ ಇಟ್ಟಿತ್ತು. ಹವ್ಯಾಸಿ ಆಟಗಾರರಿಗೆ ಬೆಲೆಬಾಳುವ ಕಾಣಿಕೆ ಸಲ್ಲದೆಂಬ ಕಾರಣಕ್ಕೆ ಅದು ಸೋನ್ ಅವರ ಕೈಸೇರದೆ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿಯಿತು. ಐವತ್ತು ವರ್ಷ ಕಳೆದು 1986ರಲ್ಲಿ ಅದು ಅವರಿಗೆ ದೊರೆಯಿತು. ಅವರು ಅದನ್ನು ಮನೆಯಲ್ಲಿಟ್ಟುಕೊಳ್ಳದೆ 1994ರಲ್ಲಿ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

1988ರ ಸಿಯೋಲ್ ಒಲಿಂಪಿಕ್ಸ್‌ನ ಉದ್ಘಾಟನೆಯಂದು ಜ್ಯೋತಿಯನ್ನು ಹಿಡಿದು ಕ್ರೀಡಾಂಗಣದೊಳಗೆ ಬಂದವರು ಎಪ್ಪತ್ತಾರರ ಸೋನ್. ಓಡುತ್ತ ಬಂದರು ಎನ್ನುವುದಕ್ಕಿಂತ ಮಗುವಿನಂತೆ ಕುಣಿಯುತ್ತ ಬಂದರು ಎನ್ನುವುದೇ ಸರಿ. ಐವತ್ತೆರಡು ವರ್ಷಗಳ ಹಿಂದೆ ತಲೆ ತಗ್ಗಿಸಿ ನಿಂತ ಯುವಕ ಇವರೇ ಎಂದು ತಿಳಿದವರ ಕಣ್ಣು ಒದ್ದೆಯಾಯಿತು. ಜ್ಯೋತಿಯನ್ನು ಅವರು ಲಿಮ್ ಚುನ್-ಎ ಎಂಬ ಯುವ ಓಟಗಾರ್ತಿಯ ಕೈಗೆ ದಾಟಿಸಿದರು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಮ್ಯಾರಥಾನ್ ನಡೆದದ್ದು ಆಗಸ್ಟ್ 9ರಂದು. ಬರ್ಲಿನ್ನಿನ ಓಟಕ್ಕೆ ಅಂದಿಗೆ ಸರಿಯಾಗಿ ಐವತ್ತಾರು ವರ್ಷ. ದಕ್ಷಿಣ ಕೊರಿಯಾದ ಹ್ವಾಂಗ್ ಯೊಂಗ್-ಚೋ ಕೊನೆಯ ಗುಡ್ಡದ ಏರಿನಲ್ಲಿ ಜಪಾನಿನ ಕೊಇಚಿ ಮೊರಿಶಿತ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಪ್ರೇಕ್ಷಕರ ನಡುವೆ ಎಂಬತ್ತರ ಸೋನ್ ಇದ್ದರು. ಹ್ವಾಂಗ್ ತಮ್ಮ ಪದಕವನ್ನು ತಂದು ಹಿರಿಯರ ಕೊರಳಿಗೆ ಹಾಕಿದರು.

2002ರ ನವೆಂಬರ್ 15ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಸೋನ್ ತೀರಿಕೊಂಡರು. ಯಾಂಗ್ಜಂಗ್ ಶಾಲೆ ಅಲ್ಲಿಂದ ಬೇರೆಡೆಗೆ ಹೋಗಿದೆ; ಹಳೆಯ ಅಂಗಳ ಇಂದು ಅವರ ಹೆಸರಿನ ಉದ್ಯಾನ. ಎದೆಯ ಮುದ್ರೆಯನ್ನು ಮುಚ್ಚಿದ್ದ ಆ ಸಸಿ ಅಲ್ಲಿ ಹೆಮ್ಮರವಾಗಿ ನಿಂತಿದೆ.

ಕಡತದಲ್ಲಿ ಮಾತ್ರ ಅವರ ವಿಜಯ ಇಂದಿಗೂ ಜಪಾನಿನ ಲೆಕ್ಕದಲ್ಲೇ ಇದೆ. 1970ರಲ್ಲಿ ಕೊರಿಯಾದ ಸಂಸದರೊಬ್ಬರು ರಾತ್ರಿ ವೇಳೆ ಬರ್ಲಿನ್ ಕ್ರೀಡಾಂಗಣವನ್ನು ಹೊಕ್ಕು ವಿಜೇತರ ಕಲ್ಲಿನಲ್ಲಿದ್ದ ಜಪಾನ್ ಎಂಬ ಪದವನ್ನು ಉಳಿಯಿಂದ ಕೆತ್ತಿ ಕೊರಿಯಾ ಎಂದು ತಿದ್ದಿದರು. ಜರ್ಮನರು ಅದನ್ನು ಮತ್ತೆ ಮೊದಲಿನಂತೆ ಮಾಡಿದರು. 2011ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತನ್ನ ಜಾಲತಾಣದ ಪರಿಚಯದಲ್ಲಿ ಅವರ ಕೊರಿಯನ್ ಹೆಸರನ್ನೂ ಹಿನ್ನೆಲೆಯನ್ನೂ ಸೇರಿಸಿತು. ಮೂಲ ದಾಖಲೆ ಬದಲಾಗಿಲ್ಲ.

ನಮಗೆ ಉಳಿಯುವುದು

ಈ ಕತೆಯನ್ನು ಹೇಳುವಾಗ ನಾವು ಒಂದು ಎಚ್ಚರವನ್ನು ಪಾಲಿಸುತ್ತೇವೆ. ಅಂದಿನ ಕೊರಿಯಾದ ಸ್ಥಿತಿಯೂ ನಮ್ಮ ಗಡಿನಾಡಿನ ಸ್ಥಿತಿಯೂ ಒಂದೇ ಅಲ್ಲ. ನಾವು ಸ್ವತಂತ್ರ ದೇಶದ ಪ್ರಜೆಗಳು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅರ್ಜಿ ಬರೆಯುವ, ಕೇಳುವ, ಪಟ್ಟುಹಿಡಿಯುವ ಹಕ್ಕು ನಮಗಿದೆ. ಸೋನ್ ಅವರ ಕೈಯಲ್ಲಿ ಇದ್ದದ್ದು ಒಂದು ಓಕ್ ಸಸಿ ಮಾತ್ರ. ಅಷ್ಟು ಕಡಿಮೆಯಿದ್ದವರು ಅಷ್ಟು ಮಾಡಿದರೆಂಬುದು ಇಷ್ಟೆಲ್ಲ ಇರುವ ನಮಗೆ ನಾಚಿಕೆಯನ್ನು ತರಬೇಕು, ಧೈರ್ಯವನ್ನೂ ತರಬೇಕು.

ಓಟಕ್ಕೆ ಮುಡಿಪಾದವನು ಯಾರೆಂಬ ಪ್ರಶ್ನೆಗೆ ಸೋನ್ ಅವರ ಬದುಕಿನಿಂದ ನಮಗೆ ತಿಳಿದದ್ದಿಷ್ಟು. ಅವರು ಓಡುವಾಗ ಓಟವನ್ನಷ್ಟೇ ನೆನೆದರು. ಯಾವ ಬಾವುಟದ ಕೆಳಗೆ ಎಂಬ ನೋವು ಕಾಲಿನ ವೇಗವನ್ನು ತಗ್ಗಿಸಲು ಬಿಡಲಿಲ್ಲ. ಓಟ ಮುಗಿದೊಡನೆ ತಾವು ಯಾರೆಂಬುದನ್ನು ತಮ್ಮ ಲಿಪಿಯಲ್ಲಿ ಬರೆದರು. ಓಡುವುದನ್ನು ತಡೆದಾಗ ಕಾದರು. ಕಾಲ ಕೂಡಿಬಂದಾಗ ತಮ್ಮ ಸರದಿಗೆ ಹಟ ಹಿಡಿಯದೆ ಕಿರಿಯರನ್ನು ಮುಂದೆ ಬಿಟ್ಟು, ತಮ್ಮ ದಾಖಲೆಯನ್ನು ಅವರು ಮುರಿದಾಗ ಸಂತೋಷಪಟ್ಟರು. ಇದರಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು.

ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ಒಂದು ಸಣ್ಣ ಪುಸ್ತಕ ಇಟ್ಟಿದ್ದೇವೆ. ಮೇಲಿನ ಕಚೇರಿಗೆ ಹೋಗುವ ನಮೂನೆಯನ್ನು ಅವರ ಭಾಷೆಯಲ್ಲೇ ತುಂಬಿ ಕಳುಹಿಸುತ್ತೇವೆ. ಬಳಿಕ ಈ ಪುಸ್ತಕದಲ್ಲಿ ಓಡಿದ ಮಗುವಿನ ಹೆಸರು, ಓಡಿದ ದೂರ, ತಗಲಿದ ಸಮಯ ಇಷ್ಟನ್ನು ಕನ್ನಡದಲ್ಲಿ ಬರೆದಿಡುತ್ತೇವೆ. ಗೆದ್ದವರದಷ್ಟೇ ಅಲ್ಲ, ಕೊನೆಯವರಾಗಿ ಬಂದವರದನ್ನೂ ಬರೆಯುತ್ತೇವೆ. ಹೆಸರನ್ನು ಮಗುವೇ ತನ್ನ ಕೈಯಿಂದ ಬರೆಯಬೇಕೆಂಬುದು ನಿಯಮ. ಇತರ ಕನ್ನಡ ಶಾಲೆಗಳ ಸಹೋದ್ಯೋಗಿಗಳೂ ಇಂತಹದೊಂದು ಪುಸ್ತಕ ತೆರೆಯಲೆಂದು ಕೋರುತ್ತೇವೆ. ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ, ಹತ್ತಿಪ್ಪತ್ತು ರೂಪಾಯಿಯ ನೋಟ್‌ಪುಸ್ತಕ ಸಾಕು. ಈ ವರ್ಷದ ಕ್ರೀಡಾಕೂಟ ಮುಗಿದ ಸಂಜೆ ನಾರಾಯಣ ಅದರಲ್ಲಿ ತನ್ನ ಹೆಸರನ್ನು ನಾರಾಯಣ ಎಂದೇ ಬರೆಯಲಿದ್ದಾನೆ.